ಮುಚ್ಚಳದ ಮೇಲಿನ ವಾರ

ಬೋರ್ಡಿನ ಮೂಲೆಯಲ್ಲಿ ಇನ್ನೂ ‘ಶನಿವಾರ’ ಎಂದೇ ಇತ್ತು. ಅದನ್ನು ಅಳಿಸಿ ‘ಸೋಮವಾರ’ ಎಂದು ಬರೆಯಲು ಮಿಸ್ ಹೇಳಿದ್ದು ಚಿನಕುರಳಿಗೆ. ಐದನೇ ಕ್ಲಾಸಿನ ಆ ಹುಡುಗಿಗೆ ಬೇರೆ ಹೆಸರು ಇಲ್ಲದೇ ಇಲ್ಲ. ಆದರೆ ಅವಳ ಚಟಪಟ ಮಾತಿನಿಂದಾಗಿ ಮನೆಯಲ್ಲೂ ಸ್ಕೂಲಲ್ಲೂ ಅವಳು ಚಿನಕುರಳಿಯೇ.

ಡಸ್ಟರ್ ಹಿಡಿದವಳು ಹಾಗೇ ನಿಂತುಬಿಟ್ಟಳು. ಅಯ್ಯೋ, ಬಕೆಟ್ಟಿನ ಮುಚ್ಚಳದ ಮೇಲೆ ಇದ್ದದ್ದೂ ಶನಿವಾರವೇ!

ವಿಷಯ ಇಷ್ಟು. ಅವರ ಮನೆಯಲ್ಲಿ ಚಳಿಗೆಂದು ಒಂದು ಕಬ್ಬಿಣದ ಸೌದೆ ಒಲೆ ಇದೆ. ಅದರ ಬೂದಿ ತೆಗೆಯುವುದು ತಾತನ ಕೆಲಸ. ಬೂದಿಯನ್ನು ತಗಡಿನ ಬಕೆಟ್ಟಿಗೆ ತುಂಬಿ, ಮುಚ್ಚಳ ಹಾಕಿ, ಅಂಗಳದ ಚಪ್ಪಡಿ ಕಲ್ಲಿನ ಮೇಲಿಟ್ಟು, ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಆವತ್ತಿನ ವಾರ ಬರೆಯುತ್ತಾರೆ. ಆಮೇಲೆ ನಾಲ್ಕು ದಿನ ಅದನ್ನು ಯಾರೂ ಮುಟ್ಟುವಂತಿಲ್ಲ. ಮೇಲೆ ತಣ್ಣಗೆ ಕಂಡರೂ ಬೂದಿಯ ಹೊಟ್ಟೆಯೊಳಗೆ ಕೆಂಡ ಇರುತ್ತದೆ ಎಂದು ತಾತ ಹೇಳಿ ಹೇಳಿ ಮನೆಯವರಿಗೆಲ್ಲ ಬಾಯಿಪಾಠವಾಗಿದೆ. ಐದನೆಯ ದಿನ ಅಮ್ಮ ಅದನ್ನು ಗೋಣಿಚೀಲಕ್ಕೆ ಸುರಿದು ಸೌದೆ ಶೆಡ್ಡಿನಲ್ಲಿ ಇಡುತ್ತಾಳೆ. ಗಿಡಗಳಿಗೆ ಹಾಕಲು ಬೇಕಲ್ಲ.

ನಿನ್ನೆ ತಮ್ಮನ ಜೊತೆ ಬಸ್ಸಾಟ ಆಡುವಾಗ ಒಂದು ಸ್ಟೀರಿಂಗ್ ಬೇಕಾಯಿತು. ಬಕೆಟ್ಟಿನ ಮುಚ್ಚಳ ಹೇಳಿ ಮಾಡಿಸಿದಂತಿತ್ತು. ಆಟ ಮುಗಿಯುವ ಹೊತ್ತಿಗೆ ಅಕ್ಷರವೆಲ್ಲ ಅಳಿಸಿ ಸುಣ್ಣ ಅವಳ ಫ್ರಾಕಿಗೆ ಮೆತ್ತಿಕೊಂಡಿತ್ತು. ತಾತನನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಕೇಳಿದರೆ ಬೈಗುಳ ಗ್ಯಾರಂಟಿ. ಹಿಂದಿನ ಸಲ ಮುಚ್ಚಳದ ಮೇಲೆ ನೋಡಿದ್ದ ‘ಬುಧವಾರ’ ಅವಳ ತಲೆಗೆ ಬಂತು. ಅದನ್ನೇ ಗೀಚಿ, ಮುಚ್ಚಳ ಮುಚ್ಚಿ, ಏನೂ ಅರಿಯದವಳಂತೆ ಒಳಗೆ ಹೋದಳು.

ಈಗ ಎಲ್ಲ ನೆನಪಾಗುತ್ತಿದೆ. ಶನಿವಾರ ಸ್ಕೂಲ್ ಬಿಟ್ಟಾಗ ಮಿಸ್ ಒಂದು ಚೂರು ಸೀಮೆಸುಣ್ಣ ಕೊಟ್ಟಿದ್ದರು. ಸಂಜೆ ತಾತ ಅದನ್ನೇ ಅವಳಿಂದ ಇಸಿದುಕೊಂಡು ಮುಚ್ಚಳದ ಮೇಲೆ ಬರೆದಿದ್ದರು. ಇವತ್ತು ಬೆಳಿಗ್ಗೆ ಅಮ್ಮ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ, ಬುಧವಾರದ ಬೂದಿ ಸುರಿದಾಯಿತು, ಬಕೆಟ್ ಖಾಲಿ ಎಂದು ಕೂಗಿ ಹೇಳಿ ಹೋಗಿದ್ದಳು.

ಶೆಡ್ಡಿನ ತುಂಬ ಒಣ ಸೌದೆ. ಸೌದೆಯ ಹಿಂದೆ ಬೆಕ್ಕಿನ ಮೂರು ಮರಿಗಳು, ಇನ್ನೂ ಕಣ್ಣು ಬಿಟ್ಟಿಲ್ಲ. ಶೆಡ್ಡಿನ ಗೋಡೆಯ ಈಚೆ ಕೋಣೆಯಲ್ಲಿ ತಾತ ಒಬ್ಬರೇ.

“ಏನಮ್ಮ, ಕೈ ನಿಂತುಹೋಯ್ತು?” ಎಂದರು ಮಿಸ್.

“ಮಿಸ್, ಮನೆಗೆ ಫೋನ್ ಮಾಡ್ಬೇಕು. ಈಗ್ಲೇ ಮಾಡ್ಬೇಕು. ನಾನೊಂದು ತಪ್ಪು ಮಾಡ್ಬಿಟ್ಟಿದೀನಿ.”

ಅವಳ ಮುಖ ನೋಡಿದ ಮಿಸ್ ಮತ್ತೇನೂ ಕೇಳದೆ ಆಫೀಸಿಗೆ ಕರೆದುಕೊಂಡು ಹೋದರು. ಅಲ್ಲಿ ಹೆಡ್ ಮಿಸ್ ಇದ್ದರು. ಹಾಜರಿ ಪುಸ್ತಕ ತಂದ ಏಳನೇ ಕ್ಲಾಸಿನ ಇಬ್ಬರು ಹುಡುಗರೂ ಇದ್ದರು. ಫೋನ್ ರಿಂಗಾಗುತ್ತಲೇ ಇತ್ತು. ತಾತನಿಗೆ ಕಿವಿ ಸ್ವಲ್ಪ ಮಂದ. ಚಿನಕುರಳಿ ಬೆರಳೆಣಿಸುತ್ತ ನಿಂತಳು. ಹತ್ತು ಬೆರಳೂ ಮುಗಿದ ಮೇಲೆ ತಾತ ಫೋನ್ ಎತ್ತಿದರು.

ಅವಳು ಮೆಲ್ಲಗೆ ಹೇಳಿದಳು. ತಾತನಿಗೆ ಕೇಳಿಸಲಿಲ್ಲ. ಜೋರಾಗಿ ಹೇಳು ಎಂದರು. ಬೇರೆ ದಾರಿಯಿರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು ಇಡೀ ಆಫೀಸಿಗೆ ಕೇಳುವಂತೆ ಹೇಳಿದಳು.

“ತಾತಾ, ಮುಚ್ಚಳದ ಮೇಲೆ ಬುಧವಾರ ಅಂತ ಸುಳ್ಳು ಬರ್ದಿದ್ದು ನಾನು. ಅದು ಶನಿವಾರದ ಬೂದಿ. ಅಮ್ಮ ಅದನ್ನ ಚೀಲಕ್ಕೆ ಸುರಿದು ಶೆಡ್ಡಲ್ಲಿ ಇಟ್ಟಿದಾಳೆ.”

ಹುಡುಗರು ಕಿಸಕ್ಕೆಂದರು. ಹೆಡ್ ಮಿಸ್ ಒಮ್ಮೆ ತಲೆಯೆತ್ತಿ ನೋಡಿದ್ದೇ ತಡ, ಇಬ್ಬರೂ ಗಪ್‌ಚಿಪ್.

ಆ ಕಡೆ ತಾತ ಫೋನನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಹೋಗಿದ್ದರು. ದೂರದಲ್ಲಿ ಚಪ್ಪಲಿಯ ಸರಬರ ಕೇಳಿತು. ಹಿಂಬಾಗಿಲು ಕಿರ್ರೆಂದಿತು. ಏನನ್ನೋ ದರದರ ಎಳೆದ ಸದ್ದು. ಆಮೇಲೆ ನೀರಿನ ಸದ್ದು, ಅದರ ಹಿಂದೆಯೇ ‘ಚುಸ್ಸ್’ ಎಂದು ದೊಡ್ಡ ಸದ್ದು.

ತಾತ ಏದುಸಿರು ಬಿಡುತ್ತ ಮತ್ತೆ ಫೋನಿಗೆ ಬಂದರು. “ಚೀಲದ ತಳ ಸುಟ್ಟು ಅಂಗೈ ಅಗಲ ತೂತಾಗಿತ್ತು. ಅಂಗಳಕ್ಕೆ ಎಳ್ಕೊಂಡ್ ಬಂದು ನೀರು ಸುರ್ದಿದೀನಿ. ಸೌದೆಗೆ ಏನೂ ಆಗಿಲ್ಲ.”

“ಮರಿಗಳು?”

“ಮೂರೂ ಗಡದ್ದಾಗಿ ಮಲ್ಗಿವೆ ಕಣೆ. ಅವಕ್ಕೇನು, ಸ್ಕೂಲಾ, ಹೋಂವರ್ಕಾ.”

ಚಿನಕುರಳಿಗೆ ಹೋದ ಜೀವ ಬಂದಂತಾಯಿತು. ನಗಲು ಹೋದಳು, ಅಳು ಬಂತು. ಹೆಡ್ ಮಿಸ್ ತಮ್ಮ ನೀರಿನ ಬಾಟಲಿಯನ್ನು ಅವಳತ್ತ ಸರಿಸಿದರು.

ಸಂಜೆ ಮನೆಗೆ ಹೋಗಲು ಕಾಲೇ ಬರಲಿಲ್ಲ. ಅಮ್ಮ ಹೇಳಬೇಕಾದ್ದನ್ನೆಲ್ಲ ಹೇಳಿದಳು, ಒಂದು ಸಲ ಸಾಲದೆಂದು ಎರಡು ಸಲ ಹೇಳಿದಳು. ಕೊನೆಗೆ ಅವಳ ತಲೆ ಸವರಿ, ಹೋಗು, ತಾತ ಕರೀತಿದಾರೆ ಎಂದಳು.

ತಾತ ಅಂಗಳದಲ್ಲಿ ಒದ್ದೆ ಬೂದಿಯನ್ನು ಸಲಿಕೆಯಿಂದ ಮತ್ತೆ ಬಕೆಟ್ಟಿಗೆ ತುಂಬುತ್ತಿದ್ದರು. ನೆಂದ ಬೂದಿಗೂ ನಾಲ್ಕು ದಿನ ಬೇಕಾ ಎಂದು ಅವಳು ಕೇಳಿದಳು. ಬೂದಿಯನ್ನು ನಂಬುವ ಹಾಗಿಲ್ಲ, ಲೆಕ್ಕ ಮತ್ತೆ ಮೊದಲಿನಿಂದ ಎಂದರು ತಾತ. ಮುಚ್ಚಳ ಹಾಕಿ, ಸೀಮೆಸುಣ್ಣವನ್ನು ಅವಳ ಮುಂದೆ ಚಾಚಿದರು.

ಇನ್ನು ತನ್ನ ಕೈಗೆ ಅದನ್ನು ಕೊಡುವುದೇ ಇಲ್ಲ ಎಂದುಕೊಂಡಿದ್ದಳು. ತೆಗೆದುಕೊಂಡು ಬಕೆಟ್ಟಿನ ಮುಂದೆ ಕೂತಳು. ಆದರೆ ಕೂಡಲೇ ಬರೆಯಲಿಲ್ಲ.

“ತಾತ, ಇವತ್ತು ಯಾವ ವಾರ?”

“ಸೋಮವಾರ. ಯಾಕೆ, ನಿಂಗೆ ಗೊತ್ತಿಲ್ವಾ?”

“ಗೊತ್ತು. ಆದ್ರೂ ಕೇಳ್ದೆ.”

ತಾತ ಮೀಸೆಯಲ್ಲೇ ನಕ್ಕರು. ಅವಳು ಮುಚ್ಚಳದ ತುಂಬ ದೊಡ್ಡ ಅಕ್ಷರಗಳಲ್ಲಿ, ಒಂದೊಂದಾಗಿ, ‘ಸೋಮವಾರ’ ಎಂದು ಬರೆದಳು.