ದುಗ್ಗಪ್ಪನ ಬೆಟ್ಟಯ್ಯ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಕೇಳಬೇಡಿ, ತಾವರೆಪುರವೆಂಬ ರಾಜ್ಯದಲ್ಲಿ ದುಗ್ಗಪ್ಪನೆಂಬ ತರುಣನಿದ್ದ. ಅವನ ನಾಯಿ ಬೆಟ್ಟಯ್ಯ ಕುದುರೆಗಿಂತ ಎತ್ತರ. ಅದಕ್ಕೆ ಹೊತ್ತಿಗೊಂದು ಹಂಡೆ ಮುದ್ದೆ ಬೇಕು, ಬೆನ್ನು ಉಜ್ಜಲು ಏಣಿ ಹತ್ತಬೇಕು. ಹೆದರಿ ಯಾರೂ ಆ ಮನೆ ಕಡೆ ಸುಳಿಯುತ್ತಿರಲಿಲ್ಲ.

ಒಂದು ದಿನ ಮಾಂತ್ರಿಕನೊಬ್ಬ ಬಂದು ರಾಜ್ಯಕ್ಕೆಲ್ಲ ಮಂಕುಬೂದಿ ಎರಚಿದ. ರಾಜ, ರಾಣಿ, ಅಗಸ, ಅಕ್ಕಸಾಲಿ, ಎಲ್ಲರೂ ಕಾಗೆಗಳಾದರು. ಬೆಟ್ಟಯ್ಯನ ನೆರಳಲ್ಲಿ ಮಲಗಿದ್ದ ದುಗ್ಗಪ್ಪ ಮಾತ್ರ ಮನುಷ್ಯನಾಗಿ ಉಳಿದ.

"ನಿನ್ನ ಬಾಯಿಂದಲೇ ಆ ನಾಯಿನ ಹೊಸ್ತಿಲಾಚೆ ಅಟ್ಟಿಸ್ತೀನಿ. ಆಮೇಲೆ ಇವರೆಲ್ಲ ಎಂದೆಂದಿಗೂ ಕಾಗೆಗಳೇ," ಎಂದ ಮಾಂತ್ರಿಕ. ಮೂರು ಸಲ ಸೋತರೆ ತಾನೇ ಬೂದಿಯಾಗುವುದನ್ನು ಮಾತ್ರ ಅವನು ಹೇಳಲಿಲ್ಲ.

ಮೊದಲು ಬೆಟ್ಟಯ್ಯನ ಮೈತುಂಬ ಉಣ್ಣೆಹುಳ ಹತ್ತಿಸಿದ. ದುಗ್ಗಪ್ಪ ಏಣಿಯ ಮೇಲೆ ಕೂತು ಒಂದೊಂದೇ ಹೆಕ್ಕಿ ತೆಗೆದ, ಅಟ್ಟಲಿಲ್ಲ. ಆಮೇಲೆ ಬಾವಿ ಬತ್ತಿಸಿದ. ದುಗ್ಗಪ್ಪ ದೂರದ ಹೊಳೆಯಿಂದ ನೀರು ಹೊತ್ತು ತಂದು ನಾಯಿಗೆ ಕುಡಿಸಿ, ಉಳಿದದ್ದನ್ನು ತಾನು ಕುಡಿದ. ಆಗಲೂ ಅಟ್ಟಲಿಲ್ಲ. ಆದರೆ ಮಾತಿಗೊಬ್ಬರಿಲ್ಲದೆ ಅವನು ಒಳಗೊಳಗೇ ಸವೆಯುತ್ತಿದ್ದ. ಕಾಗೆಗಳಿಗೇ "ಊಟ ಆಯ್ತಾ?" ಎಂದು ಕೇಳುತ್ತಿದ್ದ.

ಮೂರನೆಯ ಸಲ ಮಾಂತ್ರಿಕ ನೆಂಟರ ವೇಷದ ಮಾಯಾಜನರನ್ನು ಕಟ್ಟಿಕೊಂಡು, ತಾನೂ ಮುದುಕನಾಗಿ ಬಂದ. ಮೋಸವಿರಬಹುದೆಂದು ಅನ್ನಿಸಿದರೂ ದುಗ್ಗಪ್ಪನಿಗೆ ಮನುಷ್ಯರ ಮುಖ ಕಂಡದ್ದೇ ಹಬ್ಬ. ಓಡಾಡಿ ಎಲೆ ಹಾಕಿದ, ಬಡಿಸಿದ.

"ಏನಪ್ಪಾ ದುಗ್ಗಪ್ಪ," ಎಂದ ಮುದುಕ, "ಇಷ್ಟು ದೊಡ್ಡ ನಾಯಿ ಎಲೆ ಮುಂದೆ ಮೂಗು ಚಾಚ್ಕೊಂಡು ನಿಂತ್ರೆ ತುತ್ತು ಗಂಟಲಲ್ಲಿ ಇಳಿಯುತ್ತಾ?"

ದುಗ್ಗಪ್ಪ ಚಿಕ್ಕವನಿದ್ದಾಗ, ಬಂದವರ ಎಲೆಯ ಹತ್ತಿರ ಬೀದಿನಾಯಿ ಸುಳಿದರೆ ಅವನ ಅವ್ವ ಗದರಿ ಅಟ್ಟುತ್ತಿದ್ದ ಮಾತು ಅವನ ಬಾಯಿತಪ್ಪಿ ಹೊರಬಿತ್ತು.

"ಹಚಾ!"

ದುಗ್ಗಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಮಾಂತ್ರಿಕ ತೊಡೆ ತಟ್ಟಿ ಎದ್ದ.

ಬೆಟ್ಟಯ್ಯ ಕಿವಿ ನಿಮಿರಿಸಿತು. ಆ ಗಾತ್ರದ ನಾಯಿಯನ್ನು ಗದರಿಸಲು ಊರಲ್ಲಿ ಯಾರಿಗೆ ಧೈರ್ಯವಿತ್ತು? ಹುಟ್ಟಿದಾಗಿನಿಂದ ಅದು ಆ ಮಾತನ್ನೇ ಕೇಳಿರಲಿಲ್ಲ. ತನಗಿಟ್ಟ ಹೊಸ ಮುದ್ದಿನ ಹೆಸರಿರಬೇಕೆಂದುಕೊಂಡು, ಬಾಲ ಆಡಿಸುತ್ತ ಎಲೆಗಳನ್ನೆಲ್ಲ ತುಳಿದು ಬಂದು, ದುಗ್ಗಪ್ಪನ ಎದೆಗೆ ತಲೆ ಒತ್ತಿತು. ಅವನು ಅದರ ಕತ್ತು ತಬ್ಬಿ ಬಿಕ್ಕಿಬಿಕ್ಕಿ ಅತ್ತ.

ನಾಯಿ ಹೊಸ್ತಿಲು ದಾಟಲೇ ಇಲ್ಲ. ಈ ಮೂರನೆಯ ಸೋಲಿಗೆ ಮಾಂತ್ರಿಕ ನಿಂತಲ್ಲೇ ಬೂದಿಯಾದ, ನೆಂಟರು ಗಾಳಿಯಾದರು. ಕಾಗೆಗಳೆಲ್ಲ ಮನುಷ್ಯರಾಗಿ ದುಗ್ಗಪ್ಪನ ಅಂಗಳಕ್ಕೇ ಬಂದಿಳಿದರು. ಅಂದಿನಿಂದ ಅವನ ಮನೆಯಲ್ಲಿ ಜನವೋ ಜನ, ರಾಜ್ಯವೆಲ್ಲ ಸುಖವಾಗಿತ್ತು.

ಬೆಟ್ಟಯ್ಯ ಮಾತ್ರ ದಿನವೂ ಬಂದು ದುಗ್ಗಪ್ಪನ ಬಾಯನ್ನೇ ನೋಡುತ್ತ ನಿಲ್ಲುತ್ತಿತ್ತು, ಆ ಹೆಸರಿಂದ ಇನ್ನೊಮ್ಮೆ ಕರೆಯಲಿ ಎಂದು. ಅದರ ಅರ್ಥ ಹೇಳಲು ಅವನಿಗೆ ಕೊನೆಯವರೆಗೂ ಬಾಯಿ ಬರಲಿಲ್ಲ.