ಹದಿಮೂರು ತುಂಬಿದ ಎಮ್ಮೆ

“ಗದ್ದ ಸ್ವಲ್ಪ ಮ್ಯಾಲೆ ಮಾಡ್ರಿ ಲಕ್ಷ್ಮಣಣ್ಣ. ಹಾಂ, ಹಂಗ. ಈಗ ನಗಬ್ಯಾಡ್ರಿ. ನಕ್ರ ಲೀಡರ್ ಕಂಡಂಗ ಕಾಣಂಗಿಲ್ಲ.”

ಗುರುರಾಜ ಕಾಕಾ ಮೊಬೈಲ್ ಹಿಡಿದು ಮಂಡಿಯೂರಿದ್ದ. ಚಹಾದಂಗಡಿಯ ಲಕ್ಷ್ಮಣ ಕೈ ಕಟ್ಟಿಕೊಂಡು, ಕುಲಗೋಡದ ಆಕಾಶವನ್ನು ದಿಟ್ಟಿಸುತ್ತ ನಿಂತಿದ್ದ. ಅವನು ಹಾಕಿಕೊಂಡ ಕೂಲಿಂಗ್ ಗ್ಲಾಸ್ ಕಾಕಾನದು. ಬೆಳಗಿನಿಂದ ಅದು ಊರಿನ ಅರ್ಧ ಮೂಗುಗಳನ್ನು ಹತ್ತಿ ಇಳಿದಿತ್ತು.

ನೇತ್ರಾ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಗುರುವಾರ ಅವಳಿಗೆ ಹದಿಮೂರು ತುಂಬುತ್ತಿತ್ತು. ಹದಿಮೂರು ಅಂದರೆ ಟೀನೇಜ್, ಅದು ಹನ್ನೆರಡರ ಹಾಗೆ ಸುಮ್ಮನೆ ಬಂದು ಹೋಗುವಂಥದ್ದಲ್ಲ ಎಂದು ಅವಳು ಮನೆಯಲ್ಲಿ ಸಾರಿ ಸಾರಿ ಹೇಳಿದ್ದಳು. ಅವಳಿಗೆ ಬೇಕಾಗಿದ್ದು ಒಂದೇ. ಬಸ್ ಸ್ಟ್ಯಾಂಡ್ ಸರ್ಕಲ್ಲಿನಲ್ಲಿ ತನ್ನ ಮುಖ ಇರುವ ಬರ್ತ್‌ಡೇ ಫ್ಲೆಕ್ಸ್! ಆ ಸರ್ಕಲ್ಲಿನಲ್ಲಿ ಊರಿನ ಹುಡುಗರೆಲ್ಲ ಒಬ್ಬೊಬ್ಬರಾಗಿ ತೂಗಾಡಿ ಇಳಿದಿದ್ದರು. ಹುಡುಗಿಯರು ಒಬ್ಬರೂ ತೂಗಾಡಿರಲಿಲ್ಲ.

“ಪಾರ್ಟಿ ಬ್ಯಾಡ ಅನ್ನಂಗಿಲ್ಲ ನಾ. ಖರ್ಚ ಬ್ಯಾಡ ಅಂತೇನಿ,” ಎಂದಿದ್ದಳು ಅವ್ವ.

ಈ ಎರಡು ಮಾತುಗಳ ನಡುವಿನ ಸಂದಿಯಲ್ಲಿ ಕಾಕಾ ನುಸುಳಿದ್ದ.

ಫ್ಲೆಕ್ಸಿನ ಕೆಳಗೆ ‘ಶುಭ ಕೋರುವವರು’ ಎಂದು ಸಾಲಾಗಿ ಫೋಟೋ ಹಾಕುವುದು ರೂಢಿ. ಆ ಸಾಲಿಗೆ ಸೇರುವ ಆಸೆ ಇಲ್ಲದ ಮನುಷ್ಯ ಊರಿನಲ್ಲಿ ಇಲ್ಲ. ಹಾಗಾದರೆ ಫ್ಲೆಕ್ಸ್ ಕಾಕಾನ ಕಾಣಿಕೆ. ಅದರಲ್ಲಿ ಫೋಟೋ ಬೇಕಾದವರು ಪಾರ್ಟಿಗೆ ಏನಾದರೂ ತರಬೇಕು. ಮುಗಿಯಿತು.

ಹೀಗೆ ಲಕ್ಷ್ಮಣನ ಮುಖಕ್ಕೆ ಚಹಾ ಬಂತು. ಕಾಶೆವ್ವನ ಮುಖಕ್ಕೆ ರೊಟ್ಟಿ, ಎಣ್ಣೆಗಾಯಿ ಬಂದವು. ಸೋಮಪ್ಪನ ಮುಖಕ್ಕೆ ಟ್ರ್ಯಾಕ್ಟರಿನ ಸೌಂಡ್ ಬಾಕ್ಸ್ ಬಂತು. ಟ್ರಾಲಿ ಕೂಡ ಫೋಟೋದಲ್ಲಿ ಬರಬೇಕೆಂದು ಅವನು ಹಟ ಹಿಡಿದದ್ದರಿಂದ ಕಾಕಾ ಹಿಂದೆ ಹಿಂದೆ ಸರಿದು ಗಟಾರಕ್ಕೆ ಬಿದ್ದ. ಮೊಬೈಲ್ ಮಾತ್ರ ಕೈ ಬಿಡಲಿಲ್ಲ.

ಕೊನೆಗೆ ಸಾತವ್ವನ ಸರದಿ. ಶಾವಿಗೆ ಪಾಯಸಕ್ಕೆ ಬೇಕಾಗುವಷ್ಟು ಹಾಲು ಕೊಡುವುದಾಗಿ ಅವಳು ಒಪ್ಪಿದ್ದಳು.

“ಬರ್ರಿ ಸಾತವ್ವಾ, ಫೋಟೋ ತಗಿಯೂಣು.”

“ನಂದ್ಯಾಕೋ? ಹಾಲ ನಾ ಕೊಡತೇನೇನು? ಎಮ್ಮಿ ಕೊಡತೈತಿ. ಅದರದ ತಗಿ.”

ಕಾಕಾ ಮೊಬೈಲನ್ನು ಎಮ್ಮೆಯ ಕಡೆ ತಿರುಗಿಸಿದ.

“ಹೆಸರೇನ್ರಿ ಎಮ್ಮಿದು?” ಎಂದ ಕಾಕಾ.

“ಎಮ್ಮಿಗೆಂಥಾ ಹೆಸರೋ? ಎಮ್ಮಿ.”

ಎಮ್ಮೆ ಗದ್ದ ಎತ್ತಲು ಹೇಳಿಸಿಕೊಳ್ಳಲಿಲ್ಲ, ತಾನಾಗಿ ಎತ್ತಿತು. ಆ ದಿನದ ಫೋಟೋಗಳಲ್ಲೆಲ್ಲ ಅದರದೇ ಚೆನ್ನಾಗಿ ಬಂತು. ಕಾಕಾ ಆ ಫೋಟೋಗಳನ್ನೆಲ್ಲ, ಹೆಸರಿದ್ದವರ ಹೆಸರು ಬರೆದು, ಗೋಕಾಕದ ಫ್ಲೆಕ್ಸ್ ಅಂಗಡಿಗೆ ವಾಟ್ಸಾಪ್ ಮಾಡಿದ.

ಗುರುವಾರ ಬೆಳಿಗ್ಗೆ ಶಾಲೆಗೆ ಹೋಗುವಾಗ ನೇತ್ರಾ ಗೆಳತಿ ದೀಪಾಲಿಯ ಕೈ ಹಿಡಿದು ಸರ್ಕಲ್ಲಿಗೆ ಕರೆತಂದಳು.

“ಕಣ್ಣ ಮುಚ್ಚು. ನಾ ಅಂದ ಮ್ಯಾಲೆ ತಗಿ.”

ದೀಪಾಲಿ ಕಣ್ಣು ಮುಚ್ಚಿದಳು. ನೇತ್ರಾ ತಲೆ ಎತ್ತಿದಳು.

ಕೆಳಗಿನ ಸಾಲಿನಲ್ಲಿ ಎಲ್ಲರೂ ಇದ್ದರು. ಲಕ್ಷ್ಮಣ ಇದ್ದ, ಕಾಶೆವ್ವ ಇದ್ದಳು, ಟ್ರಾಲಿಯ ಹಿಂದೆ ಸೋಮಪ್ಪ ಇಣುಕುತ್ತಿದ್ದ. ಮೇಲೆ, ನಟ್ಟನಡುವೆ, ಗುಲಾಬಿ ಹೂಗಳ ಮಧ್ಯೆ, ಬಂಗಾರದ ಕಿರೀಟ ತೊಟ್ಟು ಎಮ್ಮೆ ನಿಂತಿತ್ತು. ಅದರ ಕೆಳಗೆ ದಪ್ಪ ಅಕ್ಷರಗಳು: ‘ಕುಮಾರಿ ನೇತ್ರಾ ಇವರಿಗೆ 13ನೇ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು.’

“ತಗೀಲೇನು?” ಎಂದಳು ದೀಪಾಲಿ.

“ಬ್ಯಾಡ.”

ದೀಪಾಲಿ ಆಗಲೇ ತೆಗೆದಿದ್ದಳು. ಬಹಳ ಹೊತ್ತು ನೋಡಿದಳು.

“ಕಿರೀಟ ಚೊಲೋ ಐತಿ,” ಎಂದಳು. ಅವಳು ಒಳ್ಳೆಯ ಗೆಳತಿ.

ಲಕ್ಷ್ಮಣನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ ಕಾಕಾನನ್ನು ನೇತ್ರಾ ಎಳೆದು ತಂದಳು. ನಸುಕಿನಲ್ಲಿ ಫ್ಲೆಕ್ಸ್ ಕಟ್ಟಿದವನೇ ಅವನು. ಆಗ ಕತ್ತಲಿತ್ತು. ಈಗ ಚೆನ್ನಾಗಿ ಬೆಳಕಿತ್ತು. ಅವನು ಅಂಗಡಿಗೆ ಫೋನ್ ಹಚ್ಚಿದ.

“ಏನ್ರಿ ಮಾಡಿರಿ ನೀವು?”

“ಯಾಕ್ರಿ?” ಎಂದಿತು ಫೋನು. “ನೀವ ಕಳಿಸಿದ್ದ ಎಲ್ಲಾ ಫೋಟೋಕ್ಕೂ ಹೆಸರಿತ್ರಿ, ಎಮ್ಮಿಗೊಂದ ಬಿಟ್ಟು. ಎಲ್ಲಾ ಹೆಸರಿಗೂ ಫೋಟೋ ಇತ್ರಿ, ನೇತ್ರಾಗೊಂದ ಬಿಟ್ಟು. ಜೋಡಿ ಮಾಡಿದ್ವಿ.”

“ಎಮ್ಮಿಗೆ ಯಾರರೆ ಬರ್ತ್‌ಡೇ ಮಾಡತಾರೇನೋ?”

“ಮೊನ್ನೆ ಟಗರಿಂದ ಮಾಡೇವಿ. ಹ್ವಾದ ವಾರ ಜೋಡೆತ್ತಿಂದು. ಎಮ್ಮಿ ಮೊದಲ ಸಲ ಬಂದೈತಂತ ಕಿರೀಟ ಫ್ರೀ ಹಾಕೇವ್ರಿ.”

ಕಾಕಾ ಫೋನು ಇಟ್ಟು ನೇತ್ರಾಳ ಕಡೆ ನೋಡಿದ. “ನಿಂದು ಎಲ್ಲಾರಕಿಂತ ಕಡೀಕ ಕಳಸೂಣಂತ ಜ್ವಾಕೀಲೆ ತಗದಿಟ್ಟಿದ್ನೆವಾ…”

ಅದು ಇನ್ನೂ ಜೋಕೆಯಾಗಿ ಅವನ ಮೊಬೈಲಿನಲ್ಲೇ ಇತ್ತು.

“ಇಳಸು ಅದನ್ನ!” ಎಂದಳು ನೇತ್ರಾ.

“ಏ, ಏ!” ಲಕ್ಷ್ಮಣ ಸೌಟು ಹಿಡಿದೇ ಓಡಿ ಬಂದ. “ನಮ್ಮ ಮುಖ ಇಲ್ಲೇನು ಅದರಾಗ? ಫ್ಲೆಕ್ಸ್ ಇಳದ್ರ ಚಹಾನೂ ಇಳೀತೈತಿ ನೋಡು!”

ಚಹಾ ಇಳಿದರೆ ರೊಟ್ಟಿ ಇಳಿಯುತ್ತದೆ, ರೊಟ್ಟಿಯ ಹಿಂದೆ ಸೌಂಡ್ ಬಾಕ್ಸ್ ಇಳಿಯುತ್ತದೆ. ಫ್ಲೆಕ್ಸ್ ಇಳಿಯಲಿಲ್ಲ.

ಶಾಲೆಯಲ್ಲಿ ಹಾಜರಿ ಕೂಗುವಾಗ ನೇತ್ರಾಳ ಹೆಸರು ಬಂತು. ಅವಳು “ಎಸ್ ಟೀಚರ್” ಅನ್ನುವ ಮೊದಲೇ ಹಿಂದಿನ ಬೆಂಚಿನಿಂದ “ಅಂಬಾ” ಎಂದು ಉತ್ತರ ಹೋಯಿತು. ಅದು ಶುಭಮ್. ಅವನ ಅಣ್ಣ ಅದೇ ಸರ್ಕಲ್ಲಿನಲ್ಲಿ ಬರೀ ಮನುಷ್ಯನಾಗಿ ತೂಗಾಡಿದ್ದ.

“ನೇತ್ರಾ, ಹೊತ್ತಿಗೆ ಎಷ್ಟ ಲೀಟರ್?”

ಇಡೀ ವರ್ಗ ನಕ್ಕಿತು. ಟೀಚರ್ ಬೋರ್ಡಿನ ಕಡೆ ತಿರುಗಿ ನಿಂತರು. ಅವರ ಭುಜಗಳು ಮಾತ್ರ ಕುಣಿಯುತ್ತಿದ್ದವು.

ಸಂಜೆ ನೇತ್ರಾ ಜೋಳದ ಚೀಲಗಳ ಕೋಣೆ ಸೇರಿ ಅಗಳಿ ಹಾಕಿಕೊಂಡಳು.

ಹೊರಗೆ ಪಾರ್ಟಿ ಯಾರನ್ನೂ ಕಾಯದೆ ಶುರುವಾಯಿತು. ಶುಭ ಕೋರುವವರೆಲ್ಲ ಬಂದು ಒಬ್ಬರಿಗೊಬ್ಬರು ಶುಭ ಕೋರಿದರು. ಸೌಂಡ್ ಬಾಕ್ಸಿನ ಹೊಡೆತಕ್ಕೆ ಗೋಡೆಯ ಮೇಲಿನ ತಾಟುಗಳು ಕುಣಿದವು.

“ನೇತ್ರಾ, ಬಾರವಾ. ಕೇಕ್ ಕಾಯಾಕತ್ತೈತಿ,” ಅವ್ವ ಬಾಗಿಲು ಬಡಿದಳು. ಕೇಕನ್ನು ಅವಳು ಕುಕ್ಕರಿನಲ್ಲಿ ಮಾಡಿದ್ದಳು. ಅದು ಕುಕ್ಕರಿನ ಆಕಾರದಲ್ಲೇ ಇತ್ತು.

“ಎಮ್ಮಿಗೆ ಕೊಯ್ಯಾಕ ಹೇಳು!”

ಅಷ್ಟರಲ್ಲಿ ಕಿಟಕಿಯಾಚೆ ಅಂಗಳಕ್ಕೆ ಒಂದು ಮೇವಿನ ಹೊರೆ ನಡೆದು ಬಂತು. ಹೊರೆಯ ಕೆಳಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ಅಂಗಿಯೊಳಗೆ ಒಬ್ಬ ಹಿರಿಯ.

“ಶರಣರಿ. ನಾ ಘೋಡಗೇರಿ ಖಂಡೆಪ್ಪ. ಇಲ್ಲೆ ತಂಗೀ ಮನಿಗೆ ಬಂದಿದ್ನಿ. ಸರ್ಕಲ್ಲಿನ್ಯಾಗ ಫ್ಲೆಕ್ಸ್ ನೋಡಿದೆ. ಅಂಥಾ ಎಮ್ಮಿ ಬರ್ತ್‌ಡೇಕ್ಕ ಬರಿಗೈಲೆ ಬಂದ್ರ ಚೊಲೋ ಅನಸಂಗಿಲ್ಲ ನೋಡ್ರಿ. ಎಲ್ಲಿ ಅದಾಳ್ರಿ ನೇತ್ರಾ?”

ಸೋಮಪ್ಪ ಸೌಂಡ್ ಬಂದ್ ಮಾಡಿದ. ಆಮೇಲೆ ಅಂಗಳಕ್ಕೆ ಅಂಗಳವೇ ನಕ್ಕಿತು. ಶುಭಮ್ ಹೊಟ್ಟೆ ಹಿಡಿದು ನೆಲಕ್ಕೆ ಕೂತ. ಕಾಕಾ ಕಣ್ಣೀರು ಒರೆಸಿಕೊಳ್ಳುತ್ತ, “ನೇತ್ರಾ ಅಂದ್ರ ನಮ್ಮ ಹುಡುಗಿರಿ, ಎಂಟನೇತ್ತಾ ಸಾಲಿ ಕಲೀತಾಳ!” ಎಂದ.

ಖಂಡೆಪ್ಪ ತಾನೂ ನಗಲು ನೋಡಿದ. ಆಗಲಿಲ್ಲ. ತಲೆಯ ಮೇಲೆ ಹೊರೆ ಇದ್ದುದರಿಂದ ತಲೆ ತಗ್ಗಿಸಲೂ ಆಗಲಿಲ್ಲ. ಎಲ್ಲಿ ನೋಡಬೇಕೆಂದು ತಿಳಿಯದೆ ಅವನು ಮಾಳಿಗೆಯ ಕಡೆ ನೋಡುತ್ತ ನಿಂತ.

ಆ ಮುಖವನ್ನು ನೇತ್ರಾ ಗುರುತಿಸಿದಳು. ಬೆಳಿಗ್ಗೆ ಹಾಜರಿ ಕೂಗುವಾಗ ಅದು ಅವಳ ಹತ್ತಿರ ಇತ್ತು.

ಅಗಳಿ ತೆಗೆದ ಸದ್ದಾಯಿತು.

“ನಾನರಿ ನೇತ್ರಾ.”

“ತಪ್ಪಾತಬೇ ಯವ್ವಾ. ನಾ ಏನೋ ತಿಳಕೊಂಡು…” ಖಂಡೆಪ್ಪ ಹೊರೆ ಸಮೇತ ತಿರುಗಲು ಹೊರಟ.

“ತಪ್ಪ ಯಾಕ್ರಿ? ಬರ್ತ್‌ಡೇ ಅಂತೂ ಐತಿ. ಇಳಸ್ರಿ.” ಅವಳು ಹೊರೆಗೆ ಕೈ ಹಾಕಿದಳು. ಅದು ಅವಳೆಣಿಸಿದ್ದಕ್ಕಿಂತ ಭಾರವಿತ್ತು. “ಶುಭಮ್, ಏನ ಕುಂತಿ? ಆ ಕಡೆ ಹಿಡಿ.”

ಶುಭಮ್ ಎದ್ದು ಹಿಡಿದ. ನಗುತ್ತಿದ್ದವರು ಮುಂದೇನು ಮಾಡಬೇಕೆಂದು ತಿಳಿಯದೆ ರೊಟ್ಟಿ ಮುರಿಯತೊಡಗಿದರು.

“ಥ್ಯಾಂಕ್ಯೂರಿ,” ಎಂದಳು ನೇತ್ರಾ. “ಊಟ ಮಾಡಿ ಹೋಗಬೇಕು. ಹಂಗ ಹೋಗೂದಿಲ್ಲ ಮತ್ತ.”

ಅದು ಅವ್ವ ಹೇಳುವ ಮಾತು. ಅದನ್ನು ಹೇಳಲೆಂದೇ ಬಾಯಿ ತೆರೆದಿದ್ದ ಅವ್ವ ಸುಮ್ಮನೆ ಬಾಯಿ ಮುಚ್ಚಿ, ಒಂದು ತಾಟು ತಂದು ಮಗಳ ಕೈಗೆ ಕೊಟ್ಟಳು.

ಖಂಡೆಪ್ಪ ಕಾಲರಿಗೆ ಅಂಟಿದ್ದ ಹುಲ್ಲನ್ನು ಕೊಡವಿ ಪಂಕ್ತಿಯಲ್ಲಿ ಕೂತ. ಎರಡು ತುತ್ತು ಉಂಡು, ಆಚೀಚೆ ನೋಡಿ, ಮೆಲ್ಲಗೆ ಹೇಳಿದ:

“ಹದಿಮೂರ ಅಂತ ಓದಿ, ಪಾಪ, ಮುದಿಕಿ ಆಗೈತಿ, ಮೆತ್ತಂದ ನೋಡಿ ಒಯ್ಯೂಣಂತ ಎಳೀ ಮೇವ ತಂದ್ನಿ.”

ನೇತ್ರಾಗೆ ನಗು ತಡೆಯಲಾಗಲಿಲ್ಲ. ಖಂಡೆಪ್ಪನೂ ನಕ್ಕ. ಈ ಸಲ ಅವನಿಗೆ ನಗು ಬಂತು.

ಅವಳು ಅವನನ್ನು ಕೇಳದೆಯೇ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.