ಪೀಪಾಯಿಯೊಳಗಿನ ಸದ್ದು

"ಪೀಪಾಯಿಯೊಳಗಿನ ದೆವ್ವದ ಕೈಗೆ ಕೋಳ ಹಾಕಾಕ ಬರಲ್ಲಂತ ಕಾವಲು ಕಾಯೋ ಹಾವಗೆಪ್ಪ ಕಾಕಾಗ ಹಾಕ್ತಾರಂತ್ರಿ, ಬಾಯಿ! ಸಂಜಿಕ ಪೊಲೀಸರು ಬರ್ತಾರ" ಎಂದು ವಿಶಾಖಾ ಬಾಗಿಲಲ್ಲೇ ಅತ್ತಳು.

ಮೀರಾಬಾಯಿ ಪತ್ರಿಕೆ ಮಡಚಿಟ್ಟರು. ಅಬಕಾರಿ ಪ್ರಯೋಗಾಲಯದಿಂದ ಅವರು ನಿವೃತ್ತರಾದ ಮೇಲೆ ಬೀದರಿನ ಜನ ತಮ್ಮ ಗೋಜಲುಗಳನ್ನೆಲ್ಲ ಅವರ ಪಡಸಾಲೆಗೇ ತರುತ್ತಿದ್ದರು. ಪಕ್ಕದ ಮನೆಯವನಾದ ನಾನು ಅವರೊಂದಿಗೆ ಹೋಗುತ್ತಿದ್ದೆ. ಶ್ರಾವಣದಲ್ಲಿ ನನ್ನ ಹೆಂಡತಿ ಶಾಂತಾಬಾಯಿ ಲಿಂಗೈಕ್ಯಳಾದ ಮೇಲೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ.

ವಿಶಾಖಾಳ ತಂದೆ ದತ್ತಾತ್ರಿ ಭಾಲ್ಕಿ ಬಳಿಯ ಡಿಸ್ಟಿಲರಿಯಲ್ಲಿ ಗೋವಿನಜೋಳದ ಬರ್ಬನ್ ವಿಸ್ಕಿ ಬೆರೆಸುತ್ತಿದ್ದವರು. ಅದು ಮುಚ್ಚಿ ಒಂಬತ್ತು ವರ್ಷವಾಗಿತ್ತು. ಅವರು ತೀರಿ ಎಂಟು. ಅಲ್ಲಿನ ಕೊನೆಯ ತುಂಬಿದ ಪೀಪಾಯಿ ತನಗೆ ಸಿಕ್ಕಿದೆ, ಅದರಿಂದ ಒಂದಿಷ್ಟನ್ನು ತನ್ನ ಹೊಸ ವಿಸ್ಕಿಗೆ ಬೆರೆಸಿದ್ದೇನೆ ಎಂದು ವ್ಯಾಪಾರಿ ಸುಶೀಲಕುಮಾರ ಹೇಳಿದ್ದ. ಸೀಸೆಯ ಮೇಲೆ ದತ್ತಾತ್ರಿಯ ಹೆಸರು ಹಾಕಲು ಮಗಳ ಒಪ್ಪಿಗೆ ಬೇಕಿತ್ತು. ಪೀಪಾಯಿಯದನ್ನೇ ರುಚಿ ನೋಡಿ ಹೇಳುವೆನೆಂದು ಅವಳು ಹಟ ಹಿಡಿದಿದ್ದಳು. ಆ ಬೆಳಿಗ್ಗೆ ಅವನ ಗೋದಾಮಿನ ಬೀಗ ತೆಗೆದರೆ ಪೀಪಾಯಿ ಬರಿದಾಗಿತ್ತು.

ಔರಾದ ರಸ್ತೆಯ ಆ ತಗಡಿನ ಗೋದಾಮಿನಲ್ಲಿ ಮದ್ಯದ ವಾಸನೆ ಗಾಢವಾಗಿತ್ತು. ನಾನು ಹೆಗಲ ವಸ್ತ್ರದಿಂದ ಮೂಗು ಮುಚ್ಚಿಕೊಂಡೆ. ನೆಲದಲ್ಲಿ ಕಲೆಯಿರಲಿಲ್ಲ. ಮೀರಾಬಾಯಿ ಪೀಪಾಯಿಯ ಕಬ್ಬಿಣದ ಪಟ್ಟಿಯನ್ನು ಬೆರಳಿನಿಂದ ತಳ್ಳಿದರು, ಅದು ಜರುಗಿತು.

"ನಿನ್ನಿ ಸಂಜಿಕ ನಾನೇ ಅಳತಿ ಕೋಲು ಇಳಿಸಿ ನೋಡೇನ್ರಿ, ಮುಕ್ಕಾಲು ತುಂಬಿತ್ತು" ಎಂದ ಸುಶೀಲಕುಮಾರ. "ಎರಡನೇ ಕೀಲಿ ಈ ಮುದುಕನ ಹತ್ರ ಅದ."

ಕಾವಲುಗಾರ ಹಾವಗೆಪ್ಪ ಹಿಂದೆ ದತ್ತಾತ್ರಿಯ ಕೈಕೆಳಗೆ ದುಡಿದವನು. "ಕೀಲಿ ಅದ, ಖರೆ. ಪೀಪಾಯಿ ಮುಟ್ಟಬ್ಯಾಡ ಅಂತ ಇವರು ಅಂದಿದ್ದರು, ಮುಟ್ಟಿಲ್ಲರಿ. ನಮ್ಮ ದತ್ತಾತ್ರಿ ಧಣಿ ಅದರೊಳಗ ಇದ್ದಾರ. ಟಕ್ ಟಕ್ ಅಂತ ಬಡಿತಾರ. ನಾ 'ಬಂದೇನ್ರಿ ಧಣಿ' ಅಂತೇನಿ. ಸುಮ್ಮನಾಗ್ತಾರ."

"ಯಾವಾಗ ಬಡಿತಾರ?" ಎಂದು ಮೀರಾಬಾಯಿ ಕೇಳಿದರು.

"ಮಧ್ಯಾಹ್ನ, ತಗಡ ಕಾಯ್ದಾಗ."

ನಾನು ಪೀಪಾಯಿಯಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಮೀರಾಬಾಯಿ ಮಾತ್ರ, "ನಾಕು ಕೊಡ ನೀರು ತರಸ್ರಿ" ಎಂದರು.

ಸಂಜೆ ಎಲ್ಲರೂ ಪೀಪಾಯಿಯ ಸುತ್ತ ಸೇರಿದೆವು. ಒಬ್ಬ ಪೊಲೀಸ್ ಅಧಿಕಾರಿಯೂ ಇದ್ದರು. ಮೊದಲು ವಿಶಾಖಾ ಹೊಸ ಸೀಸೆಯದನ್ನು ಲೋಟಕ್ಕೆ ಬಗ್ಗಿಸಿ, ಮೂಸಿ, ನಾಲಿಗೆಯ ಮೇಲೆ ಹೊತ್ತು ಇಟ್ಟುಕೊಂಡು ಉಗಿದಳು.

"ಗೋವಿನಜೋಳ ಅದ. ಸುಟ್ಟ ಮರದ ಹೊಗಿ ಅದ. ಇದರಾಗ ಅಪ್ಪ ಇಲ್ರಿ."

"ನಾಲಿಗಿ ಸಾಕ್ಷಿ ಆಗ್ತದೇನು?" ಎಂದು ಸುಶೀಲಕುಮಾರ ನಕ್ಕ.

"ಇಲ್ಲ. ಅದಕ್ಕ ನೀರು" ಎಂದು ಮೀರಾಬಾಯಿ ಕೊಡಗಳನ್ನು ಪೀಪಾಯಿಗೆ ಸುರಿಸಿದರು. ತಳದ ಹಲಗೆಗಳ ಸಂದುಸಂದಿನಿಂದ ನೀರು ಧಾರೆಯಾಗಿ ಹರಿದು ನಮ್ಮ ಕಾಲು ತೋಯಿಸಿತು.

"ಬಂಡಿ ಗಾಲಿ ಒಣಗಿದರ ಸಡ್ಲಾಗ್ತದ, ಕೆರ್ಯಾಗ ನೆನಿ ಹಾಕ್ತೀವಿ. ಪೀಪಾಯಿನೂ ಹಂಗ. ನಿನ್ನಿ ತುಂಬಿದ್ದರ ಹಲಗಿ ಉಬ್ಬಿ ಬಿಗಿ ಇರ್ತಿದ್ದವು, ಪಟ್ಟಿ ಜರುಗ್ತಿರಲಿಲ್ಲ. ಇದು ವರ್ಷಗಟ್ಟಲೆ ಬರಿದು. ಬಿಸಿಲಿಗೆ ಒಣ ಹಲಗಿ ಬಿರೀತಾವ. ಟಕ್ ಟಕ್ ಅನ್ನೋದು ಅದೇ. ವಾಸನಿಗೆ ಒಂದು ಸೀಸೆ ಒಳಗ ಚಿಮುಕಿಸ್ಯಾರ. ಕಳವು ಆಗಿಲ್ಲ, ಕಳವಾಗಾಕ ಏನೂ ಇರಲೇ ಇಲ್ಲ. ಕೋಲು ಇಳಿಸಿ ನೋಡೇನಂತ ಸುಳ್ಳು ಹೇಳಿದವರು ಒಬ್ಬರೇ. ಮಗಳು ರುಚಿ ನೋಡಿದರ ಬಂಡವಾಳ ಬಯಲಾಗ್ತಿತ್ತು. ಅದಕ್ಕ ಈ ಮುದುಕನ ತಲಿಗೆ ಕಟ್ಟಿದರು."

ಸುಶೀಲಕುಮಾರ ಬಾಗಿಲ ಕಡೆ ಸರಿದ. ಅಧಿಕಾರಿ ಅವನನ್ನು ಹೊರಗೆ ಕರೆದೊಯ್ದರು.

ವಿಶಾಖಾ ಹಾವಗೆಪ್ಪನ ಕೈ ಹಿಡಿದು, "ಕಾಕಾ, ಮನಿಗೆ ನಡೀರಿ" ಎಂದಳು. ಅವನು ಕದಲಲಿಲ್ಲ. ತೊಯ್ದ ಪೀಪಾಯಿಯನ್ನೇ ನೋಡುತ್ತಿದ್ದ.

"ಹಂಗಾದರ ಧಣಿ ಬಂದೇ ಇಲ್ಲೇನ್ರಿ, ಬಾಯಿ?"

ಪ್ರತಿ ಹೆಜ್ಜೆಯನ್ನೂ ವಿವರಿಸಿದ್ದ ಮೀರಾಬಾಯಿ ಬರಿದಾದ ಕೊಡಗಳನ್ನು ಎತ್ತಿಡತೊಡಗಿದರು.

ಮನೆಗೆ ಬಂದು ಲಿಂಗಪೂಜೆಗೆ ಕುಳಿತೆ. ಅಡುಗೆಮನೆಯಲ್ಲಿ ಬಳೆಯ ಸದ್ದಾಯಿತು, ಶಾಂತಾಬಾಯಿ ಹೋದಾಗಿನಿಂದ ದಿನವೂ ಆಗುವಂತೆ. ಎದ್ದು ಹೋಗಿ ಏನೆಂದು ನೋಡಬಹುದಿತ್ತು.

"ಬಂದೆ" ಎಂದು ಹೇಳಿ, ಕಣ್ಣು ಮುಚ್ಚಿದೆ.